ಪತ್ರದ ಮಾವನ ಮನೆ ನಂಬರು

ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಯಾರಿಗೆ ಏನೇ ಸಂಶಯ ಬರಲಿ, ಭಾನುವಾರ ಹತ್ತು ಗಂಟೆಗೆ ಮೀಟರ್ ಕೋಣೆಯ ಪಕ್ಕದ ಬೆಂಚಿಗೆ ಬರುತ್ತಿದ್ದರು. ಬಾಲ್ಕನಿಗೆ ಗಾಜು ಹಾಕಿಸಬಹುದೇ? ತಾರಸಿ ಮೇಲಿನ ಮನೆಯವರದೋ, ಎಲ್ಲರದೋ? ಪಕ್ಕದವರು ನಮ್ಮ ಗೋಡೆಗೆ ಮೊಳೆ ಹೊಡೆದರೆ ಕೇಳಬಹುದೇ? ಬೆಂಚಿನ ಮೇಲಿದ್ದ ನಿವೃತ್ತ ನಕ್ಷೆಗಾರರು ಯಾವ ಪ್ರಶ್ನೆಗಾದರೂ ಒಂದೇ ಮಾತಿನಿಂದ ಶುರು ಮಾಡುತ್ತಿದ್ದರು. "ಮೊದ್ಲು ಪತ್ರ ತನ್ನಿ. ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ." ಹಾಗಾಗಿ ಇಡೀ ಕಟ್ಟಡಕ್ಕೆ ಅವರು ಪತ್ರದ ಮಾವ.

ತಮ್ಮ ಕ್ರಯಪತ್ರವನ್ನು ಮಾತ್ರ ಮಾವ ಹದಿನಾಲ್ಕು ವರ್ಷದಿಂದ ಬಿಚ್ಚಿರಲಿಲ್ಲ. ಅದು ಪ್ಲಾಸ್ಟಿಕ್ ಕವರಿನಲ್ಲಿ, ಬೀರುವಿನಲ್ಲಿ, ಹೆಂಡತಿಯ, ಅಂದರೆ ಕಟ್ಟಡದವರೆಲ್ಲರ ಅತ್ತೆಯ, ಸೀರೆಗಳ ಕೆಳಗೆ ಸುಖವಾಗಿ ಮಲಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಭಾನುವಾರ ಬಂದವರು ಮಾವನ ಎದುರು ಮನೆಯ ಟೀಚರಮ್ಮ. ಮೂವತ್ತು ವರ್ಷ ಲೆಕ್ಕ ಪಾಠ ಮಾಡಿ ನಿವೃತ್ತರಾದವರು; ಮನೆ ಕೊಂಡು ಆರು ತಿಂಗಳಾಗಿತ್ತು. ಅವರ ಬಚ್ಚಲಿನ ನೀರು ಕೆಳಗಿನ ಮನೆಯ ದರ್ಜಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಬಚ್ಚಲು ಯಾರದ್ದೋ ರಿಪೇರಿ ಅವರದ್ದು" ಎಂದು ಹಿಂದಿನ ವಾರವೇ ಮಾವ ತೀರ್ಪು ಕೊಟ್ಟಿದ್ದರು.

"ಪತ್ರ ತಂದಿದೀನಿ ಸಾರ್. ಪೈಪು ಎಲ್ಲಿ ಹೋಗುತ್ತೆ ತೋರಿಸಿ" ಎಂದರು ಟೀಚರಮ್ಮ.

ಮಾವ ಪತ್ರದ ಹಿಂದಿದ್ದ ನಕ್ಷೆ ಬಿಡಿಸಿದರು. ಟೀಚರಮ್ಮನದು ಮುನ್ನೂರ ನಾಲ್ಕು. ನಕ್ಷೆಯಲ್ಲಿ ಮುನ್ನೂರ ನಾಲ್ಕು ಮೆಟ್ಟಿಲಿನ ಪೂರ್ವಕ್ಕಿತ್ತು. ಟೀಚರಮ್ಮ ಇದ್ದದ್ದು ಪಶ್ಚಿಮಕ್ಕೆ. ಮಾವ ಕನ್ನಡಕ ಒರೆಸಿದರು, ಹಾಳೆಯನ್ನು ತಿರುಗಿಸಿದರು, ತಲೆಕೆಳಗು ಮಾಡಿದರು. ಏನು ಮಾಡಿದರೂ ಪೂರ್ವ ಪೂರ್ವದಲ್ಲೇ ಉಳಿಯಿತು. ಪೂರ್ವದ ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಸಂಸಾರ ಮಾಡುತ್ತಿದ್ದವರು ಸ್ವತಃ ಪತ್ರದ ಮಾವ.

ಆಗ ಅವರಿಗೆ ಎಲ್ಲ ನೆನಪಾಯಿತು. ಬೀಗದ ಕೈ ಕೊಟ್ಟ ದಿನ ಬಿಲ್ಡರು ಬಾಗಿಲ ನಂಬರುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟು ಹೋಗಿದ್ದ. ನಕ್ಷೆ ಓದಬಲ್ಲವರು ತಾವೊಬ್ಬರೇ ಎಂದು ಮಾವ ಡ್ರಿಲ್ಲು ಹಿಡಿದು ಹೊರಟಿದ್ದರು. ಮೊದಲ ಮಹಡಿ ಸರಿ, ಎರಡನೆಯದೂ ಸರಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಅತ್ತೆ ಪೂರ್ವದ ಮನೆಗೆ ನುಗ್ಗಿ, ಅಡುಗೆಮನೆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಡಿಸಿ, "ಇದೇ ಅಲ್ವೇನ್ರೀ ನಮ್ಮನೆ? ಬೆಳಕು ನೋಡ್ರಿ!" ಎಂದು ಕೂಗಿದ್ದರು. ಮಾವ ನಕ್ಷೆ ಬಿಚ್ಚಲೇ ಇಲ್ಲ. ಅತ್ತೆ ನಿಂತ ಬಾಗಿಲಿಗೆ ತಮ್ಮ ಪತ್ರದ ನಂಬರು ಮುನ್ನೂರ ಮೂರನ್ನು ಹೊಡೆದರು, ಎದುರಿನದಕ್ಕೆ ಮುನ್ನೂರ ನಾಲ್ಕನ್ನು. ಎದುರು ಮನೆಯ ಹಳೆಯ ಮಾಲೀಕ ಅದನ್ನು ಬಾಡಿಗೆಗೆ ಬಿಟ್ಟವನು, ಒಂದು ದಿನವೂ ಹಾಳೆ ತೆರೆದು ನೋಡಿದವನಲ್ಲ.

ಈಗಲೂ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರಿಂಟ್ ತಪ್ಪು ಎಂದರೆ ಮುಗಿಯಿತು. ಆದರೆ ಮಾವ ಹಾಗೆನ್ನದೆ ಹಾಳೆ ಮಡಿಸಿ ಟೀಚರಮ್ಮನ ಕೈಗಿಟ್ಟರು. "ನಾಳೆ ನೋಡೋಣ" ಎಂದವರೇ ಮೇಲಕ್ಕೆ ಓಡಿದರು.

ಅತ್ತೆ ಕಿಟಕಿಯ ಬಳಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಅದು ಸಾಧ್ಯವಾಗುತ್ತಿದ್ದದ್ದು ಆ ಕಿಟಕಿಯ ಬೆಳಕಿನಲ್ಲಿ ಮಾತ್ರ. ಎಲ್ಲ ಕೇಳಿದ ಮೇಲೆ ಅವರು ಸೂಜಿಯನ್ನು ಡಬ್ಬಿಗೆ ಹಾಕಿದರು.

"ಹೇಳಿಬಿಡ್ರಿ" ಎಂದರು. "ಊರಿಗೆಲ್ಲ ಪತ್ರ ತನ್ನಿ ಅಂದು ನಮ್ಮ ಪತ್ರ ಬಚ್ಚಿಟ್ಕೊಂಡ್ರೆ, ನಾಳೆ ಆ ಬೆಂಚಿನ ಮೇಲೆ ಯಾವ ಮುಖ ಇಟ್ಕೊಂಡು ಕೂರ್ತೀರಿ?"

ಹಾಗೆಂದು ಯಂತ್ರಕ್ಕೆ ಮುಸುಕು ಹಾಕಿದರು. ಬೈದಿದ್ದರೂ ಮಾವನಿಗೆ ಇಷ್ಟು ನೋಯುತ್ತಿರಲಿಲ್ಲ.

ಸಂಜೆ ಮಾವ ಎದುರು ಮನೆಯ ಬಾಗಿಲು ತಟ್ಟಿ ಎಲ್ಲ ಹೇಳಿದರು. ಟೀಚರಮ್ಮ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. "ಅಂದ್ರೆ ಕಾಗದದ ಪ್ರಕಾರ ನೀವಿರೋ ಮನೆ ನಂದು, ನಾನಿರೋದು ನಿಮ್ದು?"

"ಹೂಂ."

"ಅಯ್ಯೋ, ನಿಮ್ಮ ಪೂರ್ವ ನಂಗ್ಯಾಕೆ ಸಾರ್? ಮೂವತ್ತು ವರ್ಷ ಐದು ಗಂಟೆಗೆ ಎದ್ದಿದೀನಿ. ಬೆಳಗ್ಗೆ ಬಿಸಿಲು ಬೀಳಲ್ಲ ಅಂತಾನೇ ಈ ಮನೆ ಮೆಚ್ಚಿ ತಗೊಂಡಿದ್ದು. ಅದಲುಬದಲು ಪತ್ರ ಮಾಡಿಸಿ, ಸಹಿ ಹಾಕ್ತೀನಿ."

ಮಾವನಿಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದು ಹೊರಡುವಷ್ಟರಲ್ಲಿ ಟೀಚರಮ್ಮ ಕರೆದರು.

"ಒಂದು ಸಂಶಯ ಸಾರ್. ಸಹಿ ಆಗೋವರೆಗೂ ಈ ಬಚ್ಚಲು ಯಾರದ್ದು?"

ಮಾವ ಮುಗಿದ ಕೈ ಇಳಿಸಿದರು. "ಮಾತಾಡ್ಕೊಂಡು ಏನಾದ್ರೂ..."

"ಬಾಯಿ ಮಾತಿಗೆ ಬೆಲೆ ಇಲ್ಲ ಅಲ್ವಾ?"

ಸೋಮವಾರ ಬೆಳಗ್ಗೆ ಗಾರೆಯವನು ಟೀಚರಮ್ಮನ ಬಚ್ಚಲಿನ ಟೈಲ್ಸ್ ಒಡೆಯತೊಡಗಿದ. ಮಗುಚಿದ ಬಕೆಟ್ಟಿನ ಮೇಲೆ ಕೂತು ಕೆಲಸ ಮಾಡಿಸಿದವರು ಮಾವ. ಕೆಳಗಿನಿಂದ ದರ್ಜಿ "ಇನ್ನೂ ತೊಟ್ಟಿಕ್ತಿದೆ ಮಾವಾ!" ಎಂದು ಕೂಗಿದಾಗಲೆಲ್ಲ ಟೀಚರಮ್ಮ ಒಳಗೆ ಮುಸಿಮುಸಿ ನಗುತ್ತಿದ್ದರು.

ತಿಂಗಳಾದ ಮೇಲೆ ನೋಂದಣಿ ಮುಗಿಯಿತು. ಇನ್ನು ಬಾಗಿಲ ನಂಬರುಗಳನ್ನು ಬದಲಾಯಿಸುವುದೊಂದು ಬಾಕಿ. ಮಾವ ಹಳೆಯ ಡ್ರಿಲ್ಲು ಹುಡುಕಿ ತೆಗೆದರು, ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡರು, ದಿಕ್ಕನ್ನು ಮೂರು ಸಲ ನೋಡಿದರು. ಒಳಗೆ ಹೊಲಿಗೆ ಯಂತ್ರ ಟರ್‍ರೆನ್ನುತ್ತಿತ್ತು. ಅತ್ತೆ ಟೀಚರಮ್ಮನ ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹೊಲಿಯುತ್ತಿದ್ದರು. ಮಾವ ಡ್ರಿಲ್ಲನ್ನು ಬಾಗಿಲಿಗೆ ಒತ್ತಿದರು, ಮತ್ತೆ ಹಿಂದಕ್ಕೆ ತೆಗೆದರು.

"ಲೇ, ಒಂದು ನಿಮಿಷ ಹೊರಗೆ ಬಾ" ಎಂದು ಕರೆದರು. "ನೀನು ಒಳಗಿದ್ರೆ ನಂಗೆ ನಕ್ಷೆ ಕಾಣಲ್ಲ."