ನಿಖತ್ ಬಿಚ್ಚಿ ಹೊಲಿದ ಫೋಟೋಗಳು

ನಾನು ಬದುಕಿರುವಾಗಲೇ ನನಗೆ ಹಾರ ಹಾಕಿ ಊದುಬತ್ತಿ ಹಚ್ಚಿದವರಿದ್ದಾರೆ. ತಮಾಷೆಯಲ್ಲ, ನಿಜ. ಶೆಟ್ಟಿಕೆರೆಯಲ್ಲಿ, ಹಂದನಕೆರೆಯಲ್ಲಿ, ಕಿಬ್ಬನಹಳ್ಳಿ ಕಡೆ ಒಂದೆರಡು ಮನೆಗಳಲ್ಲಿ ಗೋಡೆಯ ಮೇಲೆ ನನ್ನ ಮೈಗೆ ಪೂಜೆ ನಡೆಯುತ್ತಿತ್ತು. ಮೈ ನನ್ನದು, ಮುಖ ಮಾತ್ರ ಆಯಾ ಮನೆಯಲ್ಲಿ ತೀರಿಹೋದ ಹೆಂಗಸಿನದು. ಈ ಘನಕಾರ್ಯ ಮಾಡಿದವರು ಬೇರೆ ಯಾರೂ ಅಲ್ಲ, ನನ್ನ ಕೈಹಿಡಿದ ಕಾಂತೇಶ್. ಅದನ್ನು ಸರಿಮಾಡಿದವಳು ನಿಖತ್. ಇದು ಅವಳ ಕಥೆ. ನಡುವೆ ಗಂಡನ ಮಾನ ಹೋದರೆ ನಾನು ಜವಾಬ್ದಾರಳಲ್ಲ.

ತಿಪಟೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮ ಫೋಟೋ ಸ್ಟುಡಿಯೋ. ಎರಡು ಸಾವಿರದ ಒಂದರಲ್ಲಿ ನಮ್ಮವರು ಕಂಪ್ಯೂಟರ್ ತಂದು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಪೂಜೆ ಮಾಡಿ ಕೂರಿಸಿದರು. ಆ ಕಾಲದಲ್ಲಿ ಹಳ್ಳಿಯ ಎಷ್ಟೋ ಮನೆಗಳಲ್ಲಿ ಹೆಂಗಸರ ಒಂದು ಫೋಟೋ ಇರುತ್ತಿರಲಿಲ್ಲ. ಇದ್ದರೆ ರೇಷನ್ ಕಾರ್ಡಿನ ಮೇಲೆ ಮನೆಮಂದಿಯೆಲ್ಲ ಸಾಲಾಗಿ ನಿಂತ ಪುಟ್ಟ ಫೋಟೋ, ಅದರ ಮೇಲೊಂದು ಸರ್ಕಾರಿ ಸೀಲು. ಯಾರಾದರೂ ತೀರಿಹೋದರೆ ಮಕ್ಕಳು ಆ ಕಾರ್ಡನ್ನೇ ಹಿಡಿದುಕೊಂಡು ಬರುತ್ತಿದ್ದರು. ನಮ್ಮವರು ಮುಖವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ಬೇರೊಂದು ಮೈಯ ಮೇಲೆ ಅಂಟಿಸಿ ಕೊಡುತ್ತಿದ್ದರು. ಮುತ್ತೈದೆಯಾಗಿ ಹೋದವರಿಗೆ ರೇಷ್ಮೆ ಸೀರೆ, ಬಳೆ ಇರುವ ಮೈ ಬೇಕಲ್ಲ? ಮದುವೆಯಾದ ಹೊಸತರಲ್ಲಿ ನಾನು ಹಸಿರು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಕೈ ಜೋಡಿಸಿ ಕುರ್ಚಿಯ ಮೇಲೆ ಕೂತ ಫೋಟೋ ಇತ್ತು. ಮಹಾಶಯರು ನನ್ನ ತಲೆ ತೆಗೆದು ಮೈ ಇಟ್ಟುಕೊಂಡರು. ಕತ್ತಿನ ಜೋಡಣೆ ಕಾಣಿಸಬಾರದೆಂದು ಮೇಲೊಂದು ದಪ್ಪ ಕಾಸಿನ ಸರ. ಬದುಕಿದ್ದಾಗ ಕರಿಮಣಿ ಬಿಟ್ಟು ಬೇರೇನೂ ಕಾಣದ ಅವ್ವಂದಿರ ಕೊರಳಲ್ಲಿ ಚಿನ್ನ ನೋಡಿ ಮಕ್ಕಳಿಗೂ ಖುಷಿ. ನನಗೆ ಮಾತ್ರ ಯಾರೂ ಒಂದು ಮಾತು ಹೇಳಲಿಲ್ಲ.

ನಿಖತ್ ಬಂದದ್ದು ಎರಡು ಮೂರು ವರ್ಷದ ಮೇಲೆ. ಟೈಲರ್ ಖಾಸಿಂ ಸಾಬರ ಮಗಳು. ತೆಳ್ಳಗೆ, ತಲೆಯ ಮೇಲೆ ದುಪಟ್ಟಾ, ಮಾತು ಕಡಿಮೆ. ಚಿಕ್ಕಂದಿನಿಂದ ಅಪ್ಪನ ಮಿಷನ್ನಿನ ಪಕ್ಕ ಕೂತು ಬಟ್ಟೆ ಕತ್ತರಿಸಿದವಳು. ಟೈಪಿಂಗ್ ಕಲಿಯಲು ಹೋದಲ್ಲಿ ಕಂಪ್ಯೂಟರ್ ಕಲಿತು, ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದಳು. ಅವಳು ಮೌಸ್ ಹಿಡಿದದ್ದು ನೋಡಿದರೆ ಕತ್ತರಿ ಹಿಡಿದ ಹಾಗೇ ಇರುತ್ತಿತ್ತು. ಮೊದಲು ಚಾಕ್ ಪೀಸಿನಲ್ಲಿ ಗುರುತು ಹಾಕಿದಂತೆ ಮುಖದ ಸುತ್ತ ಚುಕ್ಕಿಗೆರೆ ಎಳೆಯುತ್ತಿದ್ದಳು. ನಮ್ಮವರಂತೆ ಅಂಚಿಗೇ ಕತ್ತರಿಸುತ್ತಿರಲಿಲ್ಲ, ಹೊಲಿಗೆಗೆ ಬಟ್ಟೆ ಬಿಡುವ ಹಾಗೆ ಕೂದಲೆಳೆಯಷ್ಟು ಜಾಸ್ತಿ ಬಿಡುತ್ತಿದ್ದಳು. ಕತ್ತರಿಸಿದ್ದನ್ನು ಬೇರೆ ಲೇಯರಿನಲ್ಲಿ ಅಂಟಿಸಿ, ಆಮೇಲೆ ಆ ಅಂಚನ್ನು ನಿಧಾನವಾಗಿ ಒಳಗೆ ಮಡಿಚುವಳು.

"ಲೇಯರ್ ಅಂದ್ರೆ ಏನೇ?" ಎಂದು ನಾನು ಕೇಳಿದ್ದೆ.

"ಜಾಕೀಟಿಗೆ ಒಳಗೆ ಲೈನಿಂಗು ಕೊಡಲ್ವಾ ಅಕ್ಕ, ಹಂಗೆ. ಮೇಲಿನ್ದು ಎತ್ತಿದ್ರೂ ಕೆಳಗಿನ್ದು ಹರಿಯಲ್ಲ. ಅಣ್ಣ ಎಲ್ಲಾ ಒಂದೇ ಬಟ್ಟೆ ಮೇಲೆ ಹೊಲ್ದ್ಬಿಡ್ತಾರೆ, ಆಮೇಲೆ ಬಿಚ್ಚಕ್ಕಾಗಲ್ಲ."

ನಮ್ಮವರು ಎಲ್ಲರಿಗೂ ಅಂಟಿಸುತ್ತಿದ್ದ ಹಸಿರು ಸೀರೆಯ ಮೈಯನ್ನು ಅವಳು ಮೊದಲ ವಾರದಲ್ಲೇ ಬೇಡವೆಂದಿದ್ದಳು. "ಎಲ್ಲಾರ್ಗೂ ಒಂದೇ ಅಳತೆ ಜಾಕೀಟು ಹೊಲ್ದಂಗಾಯ್ತಲ್ಲ ಅಣ್ಣ?" ಎಂದಳಂತೆ. ತಲೆಯಿಲ್ಲದ ಆ ಮೈ ಯಾರದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? "ಕಂಪ್ಯೂಟರ್ ಜೊತೆ ಸಿ.ಡಿ.ಲಿ ಬಂದಿದ್ದು" ಎಂದಿದ್ದರು ನಮ್ಮವರು.

ಗುಟ್ಟು ಒಡೆದದ್ದು ಶೆಟ್ಟಿಕೆರೆಯಲ್ಲಿ. ನೆಂಟರ ಮನೆಗೆ ನಾಮಕರಣಕ್ಕೆ ಹೋಗಿದ್ದೆ. ಆಗ ನಾನು ಬಸುರಿ, ಆರು ತಿಂಗಳು, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ಪಕ್ಕದ ಮನೆಯವರು ಕುಂಕುಮಕ್ಕೆ ಕರೆದರು. ನಡುಮನೆಯ ಗೋಡೆಯ ಮೇಲೊಂದು ಫೋಟೋ, ಅದಕ್ಕೆ ಕನಕಾಂಬರದ ಹಾರ. ಸೀರೆ ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು. ಹತ್ತಿರ ಹೋದೆ. ಬಲಗೈ ಮೇಲೆ ಒಗ್ಗರಣೆ ಸಿಡಿದ ಕಲೆ. ನನ್ನ ಕೈ ನೋಡಿಕೊಂಡೆ. ಅದೇ ಕಲೆ.

"ನಮ್ಮತ್ತೆ ಕಣ್ರೀ, ಹೋಗಿ ಎರಡು ವರ್ಸ ಆಯ್ತು" ಎಂದರು ಆ ಮನೆಯಾಕೆ.

ಮನೆಗೆ ಬಂದು ಗಂಡನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಮ್ಮತ್ತೆ ಅನಸೂಯಮ್ಮ ಕೇಳಿದವರೇ ತಲೆಯ ಮೇಲೆ ಕೈಹೊತ್ತು ಕೂತರು. "ಅಯ್ಯೋ ಮುಂಡೇದೇ, ತುಂಬಿದ ಬಸುರೀನ ಗೋಡೆಗೆ ನೇತಾಕಿ ಹಾರ ಹಾಕ್ಸಿದ್ದೀಯಲ್ಲೋ! ಮಗೀಗೆ ಏನಾದ್ರೂ ಆದ್ರೆ?" ಎಂದರು. ಇದೆಲ್ಲ ಮೂಢನಂಬಿಕೆ ಎಂದು ನೀವು ಅನ್ನಬಹುದು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು, ಸ್ವಂತ ಕೈಯನ್ನು ಹಾರದ ಕೆಳಗೆ ನೋಡಿ ಬನ್ನಿ, ಆಮೇಲೆ ಮಾತಾಡೋಣ. ನನಗೆ ಭಯವಾಗಿತ್ತು. ಎಲ್ಲ ಗೋಡೆಯಿಂದಲೂ ನನ್ನನ್ನು ಇಳಿಸದೆ ಅನ್ನ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ.

ನಿಖತ್ ನನ್ನ ಮುಂದೆ ಬಂದು ಕೂತಳು. "ಅಳಬೇಡಿ ಅಕ್ಕ. ಬಿಚ್ಚಿ ಹೊಲಿಯೋಣ. ಮೊದ್ಲು ಊಟ ಮಾಡಿ" ಎಂದಳು.

ಮಾತು ಅಷ್ಟೇ, ಕೆಲಸ ಮಾತ್ರ ಬೆಟ್ಟದಷ್ಟು. ನಮ್ಮವರು ಮುಖ, ಮೈ ಎಲ್ಲ ಒಂದಾಗಿಸಿ ಉಳಿಸಿದ್ದರಿಂದ ಪ್ರತಿಯೊಂದನ್ನೂ ರೇಷನ್ ಕಾರ್ಡಿನಿಂದ ಮತ್ತೆ ಶುರು ಮಾಡಬೇಕಿತ್ತು. ನಿಖತ್ ಒಂದೊಂದೇ ಮನೆಗೆ ಹೋದಳು. ತೀರಿಹೋದಾಕೆಯ ಪೆಟ್ಟಿಗೆಯಲ್ಲಿದ್ದ ಅವಳದೇ ಸೀರೆ ತೆಗೆಸಿ, ಅವಳ ಮೈಕಟ್ಟಿಗೆ ಹತ್ತಿರವಾದ ಮಗಳಿಗೋ ತಂಗಿಗೋ ಉಡಿಸಿ, ಕೂರಿಸಿ ಫೋಟೋ ತೆಗೆದಳು. ರೇಷನ್ ಕಾರ್ಡಿನ ಮುಖಕ್ಕೆ ಯಾವ ಕಡೆಯಿಂದ ಬಿಸಿಲು ಬಿದ್ದಿದೆಯೋ ಅದೇ ಕಡೆಗೆ ಇವರನ್ನೂ ತಿರುಗಿಸುತ್ತಿದ್ದಳು. ಕೆನ್ನೆಯ ಮೇಲೆ ಸೀಲು ಬಿದ್ದಿದ್ದರೆ ಇನ್ನೊಂದು ಕೆನ್ನೆಯಿಂದ ಚರ್ಮದ ತುಣುಕು ಕತ್ತರಿಸಿ ತಂದು ತೇಪೆ ಹಾಕುವಳು. ಕತ್ತಿನ ಹತ್ತಿರ ಕಾಸಿನ ಸರದ ಅವಶ್ಯಕತೆಯೇ ಬೀಳಲಿಲ್ಲ. ಹೊಸ ಫೋಟೋ ಕಂಡು, ಅತ್ತೆಯೇ ಎದುರಿಗೆ ಬಂದರೇನೋ ಎಂಬಂತೆ ಸೊಸೆಯಂದಿರು ಸೆರಗು ಸರಿಮಾಡಿಕೊಂಡು ನಿಂತದ್ದನ್ನು ನಾನೇ ನೋಡಿದ್ದೇನೆ. ಹಳೆಯದನ್ನು ಎಲ್ಲರೂ ತಕರಾರಿಲ್ಲದೆ ಇಳಿಸಿಕೊಟ್ಟರು.

ಒಬ್ಬರನ್ನು ಬಿಟ್ಟು. ಹಂದನಕೆರೆಯ ಹುಚ್ಚರಂಗಯ್ಯ. ಹೆಂಡತಿ ಮರಿಯಮ್ಮ ಹೋಗಿ ಮೂರು ವರ್ಷವಾಗಿತ್ತು. ಕೊನೆಗೆ ಉಳಿದಿದ್ದದ್ದು ಆ ಗೋಡೆಯೊಂದೇ, ನಾನೂ ನಿಖತ್ ಜೊತೆ ಬಸ್ಸು ಹತ್ತಿ ಹೋದೆ. ನಿಖತ್ ವಿಷಯ ಹೇಳಿದಳು. ಮುದುಕ ಎದ್ದು ಹೋಗಿ ಫೋಟೋಗೆ ಅಡ್ಡ ನಿಂತ.

"ಕೊಡಾಕಿಲ್ಲ ಕಣವ್ವ."

"ಬೇರೆ ಮಾಡ್ಕೊಡ್ತೀವಿ ತಾತ, ಇದಕ್ಕಿಂತ ಚೆನ್ನಾಗಿರೋದು."

"ಬ್ಯಾಡ. ಅವ್ಳು ಬದುಕಿದ್ದಾಗ ಒಂದ್ಸಲ ರೇಸ್ಮೆ ಸೀರೆ ಕೇಳಿದ್ಲು. ಬರೋ ವರ್ಸ ಬುಡು ಅಂದೆ. ಬರೋ ವರ್ಸ, ಬರೋ ವರ್ಸ ಅನ್ನೋದ್ರಾಗೆ ಹೋಗ್ಬುಟ್ಲು. ಈಗ ಗ್ವಾಡೆ ಮ್ಯಾಲಾದ್ರೂ ಉಟ್ಕಂಡವಳೆ. ಅದನ್ನೂ ಕಿತ್ಕಬ್ಯಾಡಿ."

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು. "ಅದು ನನ್ನ ಮೈ ತಾತ! ನಾನು ಬಸುರಿ, ನನ್ನ ಮಗೀನ ಗತಿ ಏನು?" ಎಂದು ಕೂಗಿಬಿಟ್ಟೆ. ಮುದುಕ ನನ್ನ ಹೊಟ್ಟೆ ನೋಡಿದ, ಫೋಟೋ ನೋಡಿದ. ಆದರೆ ಜಾಗ ಬಿಟ್ಟು ಕದಲಲಿಲ್ಲ.

ನಿಖತ್ ಮಾತ್ರ ಫೋಟೋವನ್ನೇ ನೋಡುತ್ತಿದ್ದಳು. "ತಾತ, ಮುಖ ಅವರ್ದೇ. ಕೈ?" ಎಂದಳು.

"ಕೈ ಅವಳ್ದಲ್ಲ ಬುಡು. ಕೊಬ್ಬರಿ ಚಿಪ್ಪು ಬಿಡ್ಸಿ ಬಿಡ್ಸಿ ಅವಳ ಕೈ ಒರಟಾಗಿತ್ತು. ಎಡಗೈ ಹೆಬ್ಬೆಟ್ಟಿಗೆ ಉಗುರೇ ಇರ್ಲಿಲ್ಲ, ಮಚ್ಚು ಬಿದ್ದು ಹೋಗಿತ್ತು. ಏನ್ ಮಾಡಾದು, ನಾನು ಕೈ ನೋಡಕ್ಕೋಗಲ್ಲ. ಮೊಕ ನೋಡ್ತೀನಿ, ಸೀರೆ ನೋಡ್ತೀನಿ."

ನಿಖತ್ ನನ್ನನ್ನು ಹೊರಗೆ ಕರೆದಳು. "ಅಕ್ಕ, ಆ ಸೀರೆ ಇನ್ನೂ ಐತಾ?"

ಇತ್ತು. ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ಕೊಟ್ಬುಡು ಕಣೇ. ಮುತ್ತೈದೆಗೆ ಬಾಗಿನ ಅಂತ ಕೊಟ್ಟ ಮೇಲೆ ಸೀರೆ ಅವಳ್ದು. ಅದಕ್ಕೂ ನಿಂಗೂ ಏನೂ ಇಲ್ಲ" ಎಂದರು. ಮರಿಯಮ್ಮನ ತಂಗಿ ಚಿಕ್ಕಗಂಗಮ್ಮ ಅದೇ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಳು. ಅರಿಸಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ಮೊರದಲ್ಲಿ ಸೀರೆ ಕೊಟ್ಟೆ. ಅಷ್ಟು ಒಳ್ಳೆಯ ಸೀರೆ ಮುಟ್ಟಲು ಅವಳು ಹೆದರಿದಳು. ನಾನೇ ನೆರಿಗೆ ಹಿಡಿದು ಉಡಿಸಿದೆ. ನಿಖತ್ ಜಗಲಿಯ ಮೇಲೆ ಕೂರಿಸಿ ಫೋಟೋ ತೆಗೆದಳು. ಚಿಕ್ಕಗಂಗಮ್ಮನ ಕೈಯೂ ಅಕ್ಕನ ಹಾಗೆಯೇ ಕೊಬ್ಬರಿ ಕೆಲಸದ ಒರಟು ಕೈ. ಆದರೆ ಇವಳ ಹೆಬ್ಬೆರಳಿಗೆ ಉಗುರಿತ್ತು.

ಸ್ಟುಡಿಯೋದಲ್ಲಿ ನಾನು ನಿಖತ್ ಪಕ್ಕದಲ್ಲೇ ಕೂತು ನೋಡಿದೆ. ಮುಖ ಕೂತಿತು, ಕತ್ತು ಕೂತಿತು. ಉಗುರೊಂದು ಬಾಕಿ ಉಳಿಯಿತು. ಅವತ್ತಿನವರೆಗೆ ಅವಳ ಹತ್ತಿರ ಬಂದವರೆಲ್ಲ ಮೊಡವೆ ತೆಗಿ, ಮಚ್ಚೆ ತೆಗಿ, ಹೊಲಿಗೆಯ ಗುರುತು ತೆಗಿ ಎಂದವರೇ. ಗಾಯ ಹಾಕಬೇಕಾದ್ದು ಅದೇ ಮೊದಲು. ಬೆರಳ ಪಕ್ಕದ ಚರ್ಮ ಕತ್ತರಿಸಿ ಉಗುರಿನ ಮೇಲೆ ಬೇರೆ ಲೇಯರಿನಲ್ಲಿ ಅಂಟಿಸಿದಳು. ಸರಿಬರಲಿಲ್ಲ, ಅಳಿಸಿದಳು. ಇನ್ನೊಂದು ಕಡೆಯಿಂದ ತಂದಳು, ಅದನ್ನೂ ಅಳಿಸಿದಳು.

"ಸಾಕು ಬಿಡೇ, ಯಾರು ಹೆಬ್ಬೆಟ್ಟು ನೋಡ್ತಾರೆ?" ಎಂದೆ.

"ತಾತ ನೋಡಲ್ಲ ಅಂದ್ರಲ್ಲಕ್ಕ, ಅದಕ್ಕೇ" ಎಂದು ಎದ್ದು ಹೋದಳು.

ಬರುವಾಗ ಅಪ್ಪನನ್ನು ಕರೆದುಕೊಂಡು ಬಂದಳು. ಖಾಸಿಂ ಸಾಬರ ಎಡಗೈ ತೋರುಬೆರಳಿಗೆ ಒಮ್ಮೆ ಮಿಷನ್ ಸೂಜಿ ಇಳಿದು, ಕೀವಾಗಿ, ಉಗುರು ಹೋಗಿತ್ತು. ನನಗೆ ಗೊತ್ತೇ ಇರಲಿಲ್ಲ. ನಿಖತ್ ಆ ಬೆರಳಿನ ಫೋಟೋ ತೆಗೆದಳು.

"ಈ ಬೆರಳು ಯಾಕಮ್ಮ ಬೇಕು?" ಎಂದು ಸಾಬರು ಕೇಳಿದರು. ಮಗಳು ಹೇಳಿದಳು. ಅವರು ಬೆರಳನ್ನು ಅಂಗಿಗೆ ಒರೆಸಿ, ಇನ್ನೊಂದು ಸಲ ಕ್ಯಾಮೆರಾದ ಮುಂದೆ ಹಿಡಿದರು. "ಚೆನ್ನಾಗಿ ತೆಗಿ ಬೇಟಿ" ಎಂದರು.

ಬೆರಳ ತುದಿಯನ್ನು ಕತ್ತರಿಸಿ, ದಪ್ಪ ಮಾಡಿ, ಬಣ್ಣ ತಿದ್ದಿ ಹೆಬ್ಬೆರಳಿನ ಮೇಲೆ ಕೂರಿಸಿದಳು. ಅಂಚು ಮಡಿಚಿದಳು. ಎಲ್ಲಿ ಸೇರಿಸಿದ್ದಾಳೆಂದು ಪಕ್ಕದಲ್ಲೇ ಕೂತ ನನಗೂ ಹೇಳಲಾಗಲಿಲ್ಲ. ಇಂಥ ಹುಡುಗಿಯ ಕೈಗೆ ದೃಷ್ಟಿ ತೆಗೆಯಬೇಕು ಎನಿಸಿತು, ಅವಳಿಗೆ ಹೇಳಿಯೂಬಿಟ್ಟೆ. ನಕ್ಕಳು.

ಹುಚ್ಚರಂಗಯ್ಯ ಹಳೆಯ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಹೊಸದು ನೋಡದೆ ಇದನ್ನು ಕೊಡುವುದಿಲ್ಲ ಎಂದು ಮೊದಲೇ ಹೇಳಿದ. ನಮ್ಮವರು ಹೊಸ ಫೋಟೋವನ್ನು ಮೇಜಿನ ಮೇಲೆ ಇಟ್ಟು, ಜಾಣರಾಗಿ ಹಿಂದೆ ಸರಿದು ನಿಂತರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಮುಂದೆ ನನ್ನ ಮಗಳು ಸುಖವಾಗಿಯೇ ಹುಟ್ಟಿದಳು, ಆದರೆ ಆ ಹೊತ್ತಿನಲ್ಲಿ ನನ್ನ ಉಸಿರೆಲ್ಲ ಆ ಮುದುಕನ ಕೈಯಲ್ಲಿತ್ತು.

ಅವನು ಮುಖ ನೋಡಿದ. ಸೀರೆ ನೋಡಿದ. ಆಮೇಲೆ ಕಣ್ಣು ಕೆಳಗಿಳಿಯಿತು, ಅಲ್ಲೇ ನಿಂತಿತು. ಗಾಜಿನ ಮೇಲೆ ಆ ಹೆಬ್ಬೆರಳನ್ನು ಮುಟ್ಟಿದ.

"ಇದಾದ ದಿನ ನಾನು ಬೈದಿದ್ದೆ ಕಣ್ರವ್ವ, ಕೆಲ್ಸ ನಿಂತೋಯ್ತು ಅಂತ" ಎಂದ. ಆಮೇಲೆ ನಿಖತ್ ಕಡೆ ತಿರುಗಿದ. "ನೀನು ನಮ್ಮೋಳ್ನ ನೋಡಿದ್ದೇನು ಮಗಾ?"

"ಇಲ್ಲ ತಾತ. ನೀವು ಹೇಳಿದ್ರಲ್ಲ."

ಅವನು ಟವೆಲ್ಲಿನಿಂದ ಹಳೆಯ ಫೋಟೋ ತೆಗೆದು ನನ್ನ ಕೈಗೆ ಕೊಟ್ಟ. ಅದೇ ಟವೆಲ್ಲಿನಲ್ಲಿ ಹೊಸದನ್ನು ಸುತ್ತಿಕೊಂಡ.

"ಇನ್ನು ಕೈನೂ ನೋಡ್ಬೋದು ಬುಡು" ಎಂದು ಬಸ್ಸಿಗೆ ಹೊರಟ.