ಮೇಷ್ಟ್ರು ಬರೆದ ಗಾಜಿನ ಲೋಟ

ಮೊನ್ನೆ ಟ್ರಂಕಿನ ತಳದಲ್ಲಿ ಸಿಕ್ಕಿದ ಹಳೆಯ ಡ್ರಾಯಿಂಗ್ ಹಾಳೆಯನ್ನು ನೋಡಿ ಮೊಮ್ಮಗಳು, "ಫೋಟೋನಾ ಅಜ್ಜಿ?" ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ, ನಾನೇ ಬರೆದವಳ ಹಾಗೆ. ನನ್ನ ಡ್ರಾಯಿಂಗ್ ಮೇಷ್ಟ್ರು ಬರೀ ಪೆನ್ಸಿಲಿನಲ್ಲಿ ಬರೆದ ಗಾಜಿನ ಲೋಟ ಅದು. ಅಂಚಿನಲ್ಲೊಂದು ಸಣ್ಣ ಮುಕ್ಕು, ತಳದ ದಪ್ಪ ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ. ಬೆಳಕು ಬೀಳುವ ಕಡೆ ಮೇಷ್ಟ್ರು ಏನನ್ನೂ ಬರೆದಿಲ್ಲ, ಹಾಳೆಯನ್ನು ಹಾಗೇ ಬಿಟ್ಟಿದ್ದಾರೆ. ಹೊಳೆಯುವುದು ಆ ಬಿಟ್ಟ ಜಾಗವೇ ನೋಡಿ.

ಐವತ್ತರ ದಶಕ. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದೆ. ಭಾನುವಾರ ಬೆಳಿಗ್ಗೆ ಹೆಗ್ಗನಹಳ್ಳಿಯಿಂದ ಸೈಕಲ್ ತುಳಿದುಕೊಂಡು ಮೇಷ್ಟ್ರು ಬರುತ್ತಿದ್ದರು. ಹೊಲ ಉಳುವವರ ಮನೆಯವರು, ಸಣ್ಣ ದನಿಯ ಮನುಷ್ಯ. ನಾವೋ ಮಡಿ ಮೈಲಿಗೆಯ ಮನೆಯವರು. ಪಾಠವೆಲ್ಲ ಜಗುಲಿಯ ಮೇಲೆ. ಕಾಫಿಗೆ ನಮಗೆ ಹಿತ್ತಾಳೆ ಲೋಟ, ಅವರಿಗೆ ಮಾತ್ರ ಗಾಜಿನದು. ಕುಡಿದ ಮೇಲೆ ಅವರೇ ಅದನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದ ನೆನಪಿಲ್ಲ.

ಗಾಜು ಬರೆಯುವುದು ಸುಲಭವೆಂದುಕೊಂಡಿದ್ದರೆ ನೀವೇ ಒಮ್ಮೆ ಕೂತು ಬರೆದು ನೋಡಿ. ನಾನು ಬರೆದ ಲೋಟ ಪ್ರತಿ ಸಲವೂ ಬಾವಿಯ ಬಕೆಟ್ಟಾಗುತ್ತಿತ್ತು. ಒಂದು ಭಾನುವಾರ ಮೇಷ್ಟ್ರು ನನ್ನ ಪೆನ್ಸಿಲ್ ತೆಗೆದುಕೊಂಡು, ಎದುರಿಗೆ ಏನೂ ಇಟ್ಟುಕೊಳ್ಳದೆ ಇದನ್ನು ಬರೆದರು.

"ನೋಡ್ದೇನೇ ಹೆಂಗೆ ಬರೆದ್ರಿ ಮೇಷ್ಟ್ರೇ? ಆ ಗುಳ್ಳೆ ಸಮೇತ?"

"ಎರಡು ವರ್ಷದಿಂದ ಇದೊಂದೇ ಲೋಟ ಅಲ್ವೇನಮ್ಮ ನಂಗೆ," ಎಂದರು.

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಏನೋ ಎದೆ ಚುರುಕ್ಕೆಂದಿತು. ಬಾಗಿಲ ಹಿಂದಿದ್ದ ಅಮ್ಮನಿಗೂ ಕೇಳಿಸಿತ್ತು. ಇನ್ನು ಇವರು ಬರುವುದಿಲ್ಲವೇನೋ ಎಂದು ವಾರವಿಡೀ ಹೆದರಿದ್ದೆ.

ಬಂದರು. ಅಮ್ಮ ತಾನೇ ಹಿತ್ತಾಳೆ ಲೋಟದಲ್ಲಿ ಕಾಫಿ ತಂದಳು. ಮೇಷ್ಟ್ರು ಕುಡಿದು, ಅಭ್ಯಾಸದಂತೆ ತೊಳೆಯಲು ಎದ್ದರು.

"ಇಡಿ ಮೇಷ್ಟ್ರೇ, ನಾನು ತೊಳೀತೀನಿ," ಎಂದು ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು.

ಈಗ ಮತ್ತೆ ಸ್ನಾನ ಮಾಡುತ್ತಾಳೆ ಎಂದು ನಾನು ಬಚ್ಚಲಿನ ಕಡೆ ಕಿವಿಗೊಟ್ಟು ಕೂತೆ. ನೀರು ಹುಯ್ದುಕೊಳ್ಳುವ ಸದ್ದು ಬರಲೇ ಇಲ್ಲ. ಮೇಷ್ಟ್ರು ತಲೆ ತಗ್ಗಿಸಿ, ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದರು, ಬಹಳ ಹೊತ್ತು.

ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಅಮ್ಮನ ದೊಡ್ಡತನದ ಕಥೆಯೆಂದು. ಮೊಮ್ಮಗಳಿಗೂ ಹಾಗೇ ಹೇಳಿದೆ. ಅವಳು ಚಿತ್ರವನ್ನೇ ನೋಡುತ್ತಾ, "ಎರಡು ವರ್ಷ ಅವರಿಗೆ ಈ ಲೋಟ ತಂದ್ಕೊಡ್ತಿದ್ದಿದ್ದು ಯಾರಜ್ಜಿ?" ಎಂದಳು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ನಾನೇ ಕಣೇ," ಎಂದೆ.