ಕಾವಲು ತೆಗೆದವರನ್ನು ನಾನು ನೋಡಿದ್ದೆ

ನಮ್ಮ ಮೇಘನಾಗೆ ಕೆಲಸ ಕಾಯಂ ಆಯ್ತು, ಶೈಲಜಾ ಮೇಡಂ. ನನ್ನ ಮೊಮ್ಮಗಳು — ಶಿವಮೊಗ್ಗದಲ್ಲಿ ಕಂಪ್ಯೂಟರ್ ನೋಡಿಕೊಳ್ತಾಳೆ, ನಿಮ್ಮದೇ ಕೆಲಸ. ಕೇರಿಗೆಲ್ಲ ಸಕ್ಕರೆ ಹಂಚಿ ಬಂದೆ. ಅದೇ ಬಾಯಲ್ಲಿ ಇದನ್ನೂ ಹೇಳಬೇಕು: ನಿಮ್ಮ ಕೆಲಸ ಹೋಗಿದ್ದು ನನ್ನ ಸುಳ್ಳಿನಿಂದ.

ನಾನು ರತ್ನಕ್ಕ, ಭದ್ರಾವತಿಯ ಆ ಕಾಲೇಜು ಆಫೀಸಿನಲ್ಲಿ ಕಾಫಿ ಕೊಡ್ತಿದ್ದವಳು. ವೆಬ್‌ಸೈಟಿನಲ್ಲಿ ಮಕ್ಕಳ ಫೋಟೋ ಬರ್ತಿಲ್ಲ ಅಂತ ಸೆಕ್ರೆಟರಿ ವಾರವೆಲ್ಲ ಕೂಗಾಡಿದ್ರು. ನೀವು ನನಗೂ ತಿಳಿಯೋ ಹಾಗೆ ಹೇಳಿದ್ರಿ — "ಫೋಟೋ ಇರೋದು ಪಕ್ಕದ ರೂಮಿನ ಕಂಪ್ಯೂಟರಲ್ಲಿ ರತ್ನಕ್ಕ. ವೆಬ್ ಸರ್ವರ್ ಅಲ್ಲಿಂದ ತರೋಕೆ ಹೋದ್ರೆ ಅದನ್ನ ನಡೆಸೋ ಲಿನಕ್ಸ್ ಒಳಗಿನ ಕಾವಲು ತಡೆಯುತ್ತೆ. ಅದೊಂದಕ್ಕೆ ಅಪ್ಪಣೆ ಕೊಟ್ರೆ ಸಾಕು. ಕಾವಲನ್ನೇ ತೆಗೆದ್ರೆ ಬೀದೀಲಿ ಹೋಗೋರೆಲ್ಲ ಒಳಗೆ ಬರ್ತಾರೆ ಮಾರಾಯ್ತಿ." ಸರಿಯಾಗಿ ನೋಡಿ ಮಾಡೋಕೆ ಎರಡು ದಿನ ಕೇಳಿದ್ರಿ.

ಸೆಕ್ರೆಟರಿ ಕಾಯಲಿಲ್ಲ. ನೀವು ಊಟಕ್ಕೆ ಹೋದಾಗ ನಿಮ್ಮ ಕುರ್ಚಿಯಲ್ಲಿ ಕೂತರು. ಫೋನಿನಲ್ಲಿ ಯಾರೋ ಹೇಳಿಕೊಟ್ಟ ಹಾಗೆ ಒತ್ತಿದರು. "ಕಾವಲು ಪೂರ್ತಿ ಆಫ್. ಬಂತು ನೋಡು ಫೋಟೋ," ಅಂತ ನಕ್ಕರು. ಕಾಫಿ ಲೋಟ ಹಿಡಿದು ನಾನು ಅಲ್ಲೇ ನಿಂತಿದ್ದೆ.

ಆಮೇಲೆ — ಯಾರೋ ಕಂಪ್ಯೂಟರಿಗೆ ನುಗ್ಗಿ ಹುಡುಗಿಯರ ಫೋಟೋ, ಫೋನ್ ನಂಬರು ಬಾಚಿಕೊಂಡರು. ಹೊಳೆಹೊನ್ನೂರಿನ ಒಬ್ಬ ತಂದೆ ಮಗಳನ್ನ ಕಾಲೇಜೇ ಬಿಡಿಸಿದ. ಮೇಡಂ ಕುರ್ಚಿಯಲ್ಲಿ ಬೇರೆ ಯಾರಾದ್ರೂ ಕೂತಿದ್ರಾ ಅಂತ ವಿಚಾರಣೆ ಕಮಿಟಿಯವರು ಕೇಳಿದಾಗ ನೀವು ನನ್ನನ್ನೇ ನೋಡ್ತಿದ್ರಿ.

"ಇಲ್ಲ ಸಾರ್. ನಾನೇನೂ ನೋಡಿಲ್ಲ."

ಥೂ. ಆ ನಾಲಿಗೆಯಲ್ಲೇ ಇನ್ನೂ ಊಟ ಮಾಡ್ತೀನಲ್ಲ ಅಂತ ಹೇಸಿಗೆ ಆಗುತ್ತೆ. ಹೆದರಿದ್ದೆ ಅಂತ ಬರೆಯೋಣ ಅಂದ್ಕೊಂಡೆ — ಇಲ್ಲ, ಹೆದರಿರಲಿಲ್ಲ. ನನ್ನ ಮಗ ಮಂಜು, ಮೇಘನಾಳ ಅಪ್ಪ, ಆಗ ಅಲ್ಲಿ ಟೆಂಪರರಿ ಡ್ರೈವರ್. ಸೆಕ್ರೆಟರಿ ಕೈಯಲ್ಲಿ ಅವನ ಕೆಲಸ ಇತ್ತು. ಯೋಚನೆ ಮಾಡೇ ಹೇಳಿದೆ. ಮುಂದಿನ ತಿಂಗಳೇ ಅವನು ಕಾಯಂ ಆದ. ಆ ಸಂಬಳದಲ್ಲೇ ಮೇಘನಾ ಓದಿದ್ದು — ಆ ಕೊಳಕು ಅವಳ ಅನ್ನಕ್ಕೂ ಹಚ್ಚಿದೆ ನಾನು.

ಇವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ವಿ. ಅವಳು ಹೋಳಿಗೆ ಮುರೀತಾ, "ನಮ್ಮ ಆಫೀಸಿನ ವೆಬ್‌ಸೈಟಲ್ಲಿ ಫೋಟೋ ಬರ್ತಿರ್ಲಿಲ್ಲ ಅಜ್ಜಿ. ಎಲ್ಲಾ ಕಾವಲು ಆಫ್ ಮಾಡು ಅಂದ್ರು. ನಾನು ಜಪ್ಪಯ್ಯ ಅನ್ಲಿಲ್ಲ, ಬೇಕಾದ ಒಂದೇ ಅಪ್ಪಣೆ ಕೊಟ್ಟೆ. ಅದು ನೋಡೇ ಕಾಯಂ ಮಾಡಿದ್ರು," ಅಂದ್ಲು. ಎಲ್ಲರೂ ನಕ್ಕರು. ನಾನು ತುತ್ತು ತಟ್ಟೆಗೆ ಇಟ್ಟೆ. ಹೇಳಿಬಿಟ್ಟೆ, ಎಲ್ಲಾ.

"ಈಗ್ಯಾಕಮ್ಮ ಅದು?" ಅಂದ ಮಂಜು.

ಮೇಘನಾ ಮೆಲ್ಲಗೆ ಕೇಳಿದ್ಲು, "ಆ ಕುರ್ಚಿ ನಂದಾಗಿದ್ದಿದ್ರೆ ಅಜ್ಜಿ?"

ನಾಳೆ ಕಾಲೇಜಿಗೆ ಹೋಗಿ ನೋಡಿದ್ದನ್ನು ಬರೆದು ರುಜು ಹಾಕ್ತೀನಿ, ಅಲ್ಲಿಂದ ಮಲವಗೊಪ್ಪಕ್ಕೆ ನಿಮ್ಮ ಮನೆಗೆ ಬರ್ತೀನಿ ಅಂದೆ. ಮಂಜು ತಲೆ ಎತ್ತಲಿಲ್ಲ. ಸೊಸೆ ಎಲ್ಲರ ತಟ್ಟೆಗೂ ಅನ್ನ ಬಡಿಸಿದ್ಲು, ನನಗೂ. ಒಬ್ಬರೂ ಎದ್ದು ಹೋಗಲಿಲ್ಲ. ಕೂತು ಉಂಡೆವು.